ಕೆಳಮೂಲೆಯ ಹಳದಿ

ಒಂಬತ್ತನೆಯ ಗಾಜನ್ನು ಒರೆಸಿಟ್ಟು ಹತ್ತನೆಯದಕ್ಕೆ ಕೈ ಚಾಚಿದ್ದಳು ಅಕ್ಕ. ಬಟ್ಟೆಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ಹಿಂಡಿ, ಮೊದಲು ನಡುವೆ ಒರೆಸಬೇಕು, ಆಮೇಲೆ ಅಂಚು, ಕೊನೆಗೆ ತಂತಿ ಹೊರಬರುವ ಮೂಲೆ. ಆ ಮೂಲೆಯನ್ನು ಎಳೆಮಗುವಿನ ಕಿವಿಯ ಹಿಂದೆ ಒರೆಸುವಷ್ಟು ಮೆಲ್ಲಗೆ ಒರೆಸಬೇಕು. ಒತ್ತಿದರೆ ಕಪ್ಪು ಅಂಟು ಎದ್ದು ಬರುತ್ತದೆ. ಒರೆಸಿದ ಗಾಜುಗಳನ್ನು, ಅಡುಗೆಮನೆಯಲ್ಲಿ ತೊಳೆದ ತಟ್ಟೆಗಳನ್ನು ನಿಲ್ಲಿಸುವ ಹಾಗೆ, ಉಕ್ಕಿನ ಸ್ಟ್ಯಾಂಡಿನಲ್ಲಿ ಸಾಲಾಗಿ ನಿಲ್ಲಿಸುತ್ತಿದ್ದಳು. ಆರು ವರ್ಷದಿಂದ ಇದೇ ಕೆಲಸ. ಕಣ್ಣು ಕಟ್ಟಿ ಬಿಟ್ಟರೂ ಕೈ ತಪ್ಪುತ್ತಿರಲಿಲ್ಲ.

ಆದರೆ ಈ ಏಳು ತಿಂಗಳಿಂದ ಒಂದೊಂದು ಗಾಜು ನಿಲ್ಲಿಸುವಾಗಲೂ ಅವಳ ಕೈ ಅರೆಗಳಿಗೆ ತಡೆಯುತ್ತಿತ್ತು. ತಂತಿ ಮೇಲೋ, ಕೆಳಗೋ?

ಆ ಕಟ್ಟಡದಲ್ಲಿ ಅವಳ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಪ್ರಯೋಗಾಲಯದ ಮುಖ್ಯಸ್ಥೆ ಅವಳ ಒಡಹುಟ್ಟಿದ ತಂಗಿ. ತಂಗಿ ‘ಅಕ್ಕಾ’ ಎಂದು ಕರೆದದ್ದೇ ತಡ, ಗೇಟಿನ ಕಾವಲಿನವರಿಂದ ಹಿಡಿದು ಡಾಕ್ಟರೇಟ್ ಪಡೆದವರ ತನಕ ಎಲ್ಲರಿಗೂ ಅಕ್ಕನೇ ಆಗಿಬಿಟ್ಟಳು. ಅಪ್ಪ ಅಮ್ಮ ಒಂದೇ ವರ್ಷದಲ್ಲಿ ಕಣ್ಣು ಮುಚ್ಚಿದಾಗ ತಂಗಿಗೆ ಏಳು ವರ್ಷ, ಇವಳಿಗೆ ಹದಿನಾರು. ಇವಳು ಪುಸ್ತಕ ಕಟ್ಟಿಟ್ಟು ಔಷಧಿ ಕಾರ್ಖಾನೆಯಲ್ಲಿ ಬಾಟಲಿ ತೊಳೆಯಲು ಹೋದಳು; ತಂಗಿ ಓದಿದಳು. ಓದಿ ಓದಿ ಮರುಳಾದವರ ಗಾದೆ ಉಂಟಲ್ಲ, ಇವಳು ಓದಿ ಓದಿ ಬಿಸಿಲು ಹಿಡಿಯುವುದನ್ನು ಕಲಿತಳು. ತನ್ನದೇ ಪ್ರಯೋಗಾಲಯ ಸಿಕ್ಕಿದ ದಿನ ಮೊದಲು ಮಾಡಿದ ಕೆಲಸ, ಅಕ್ಕನನ್ನು ಬಾಟಲಿಗಳಿಂದ ಬಿಡಿಸಿ ಕರೆತಂದು ಪರೀಕ್ಷೆಯ ಕೋಣೆಯನ್ನು ಅವಳ ಕೈಗೆ ಕೊಟ್ಟದ್ದು. “ಬೇರೆಯವರ ಕೈ ನಂಗೆ ನಂಬಿಕೆಯಿಲ್ಲ,” ಅಂದಿದ್ದಳು.

ಆ ಮಾತನ್ನು ನೆನೆಯಲು ಅಕ್ಕ ಈಗ ಹೆದರುತ್ತಿದ್ದಳು.

ಅಲ್ಲಿ ತಯಾರಾಗುತ್ತಿದ್ದದ್ದು ಪೆರೊವ್‌ಸ್ಕೈಟ್ ಎಂಬ ಹರಳಿನ ಸೌರಫಲಕ. ತಲೆಗೂದಲಿನ ನೂರರಲ್ಲೊಂದು ಪಾಲು ತೆಳುವಾಗಿ ಗಾಜಿನ ಮೇಲೆ ಬಳಿದರೆ ಸಾಕು, ಬಿಸಿಲು ಕರೆಂಟಾಗುತ್ತದೆ. ಹಗುರ, ಅಗ್ಗ, ಕಸುವಿನಲ್ಲಿ ಹಳೆಯ ಸಿಲಿಕಾನ್ ಫಲಕಕ್ಕೆ ಸರಿಸಾಟಿ. ಕೊರತೆ ಒಂದೇ, ಆಯಸ್ಸು. ಒಣಗಿದ ನೆತ್ತರಿನಂಥ ಕಪ್ಪುಗೆಂಪು ಬಣ್ಣದ ಆ ಪದರ, ಒಂದು ತೊಟ್ಟು ತೇವ ಒಳಗೆ ನುಗ್ಗಿದರೆ, ಹಳದಿ ತಿರುಗಿ ಸಾಯುತ್ತದೆ. ಆ ಹಳದಿಯಲ್ಲಿ ಇರುವುದು ಸೀಸ. ನೀರು ತಾಕಿದರೆ ಅದು ಸ್ವಲ್ಪಸ್ವಲ್ಪವೇ ನೀರಿನ ಜೊತೆ ಹೊರಡುತ್ತದೆ. ಹೆಚ್ಚು ಕೊಡಬೇಕು, ಹೆಚ್ಚು ಬಾಳಬೇಕು, ಇವೆರಡೇ ತಂಗಿಯ ಜೀವಮಾನದ ಚಿಂತೆ. ಮದುವೆಯನ್ನೂ ಆ ಚಿಂತೆಯ ಜೊತೆಗೇ ಮಾಡಿಕೊಂಡಿದ್ದಾಳೆ ಎಂದು ಅಕ್ಕ ನಗುತ್ತಿದ್ದಳು.

ಫಲಕ ಬಾಳುತ್ತದೋ ಇಲ್ಲವೋ ನೋಡುವುದು ಅಕ್ಕನ ಪಾಲು. ಗಾಜಿನ ನಾಲ್ಕು ಅಂಚಿಗೂ ಕಪ್ಪು ಅಂಟು ಹಾಕಿ ಬಿಗಿದು, ಬಿಸಿ ಪೆಟ್ಟಿಗೆಯಲ್ಲಿ ಎಂಬತ್ತೈದು ಡಿಗ್ರಿ ಶಾಖ, ಬಟ್ಟೆ ಹಿಂಡಿದರೆ ನೀರು ಬರುವಂಥ ತೇವದ ಗಾಳಿಯಲ್ಲಿ ಸಾವಿರ ಗಂಟೆ ನಿಲ್ಲಿಸಬೇಕು. ಸಾವಿರ ಗಂಟೆ ಅಂದರೆ ಹತ್ತಿರ ಹತ್ತಿರ ನಲವತ್ತೆರಡು ದಿನ. ಅಷ್ಟು ತಡೆದುಕೊಂಡರೆ ಛಾವಣಿಯ ಮೇಲೆ ವರ್ಷಗಟ್ಟಲೆ ತಡೆಯುತ್ತದೆ ಎಂಬ ಲೆಕ್ಕಾಚಾರ. ತಂಗಿಯ ಅಂಟು ತಡೆದುಕೊಂಡಿತು. ಒಂದು ಸಲವಲ್ಲ, ಹನ್ನೊಂದು ಸಲ. ಅದನ್ನು ನೆಚ್ಚಿ ಹೋದ ವರ್ಷ ಮಳೆಗಾಲ ಕಳೆದ ಮೇಲೆ ಊರಿನ ಹೆರಿಗೆ ಆಸ್ಪತ್ರೆಯ ಛಾವಣಿಯ ತುಂಬ ಮುನ್ನೂರ ಇಪ್ಪತ್ತು ಫಲಕ ಹಾಸಿದರು.

ಆ ಹನ್ನೊಂದು ಸಲವೂ ಅಕ್ಕ ಗಾಜುಗಳನ್ನು ತಂತಿ ಮೇಲೆ ಮಾಡಿಯೇ ನಿಲ್ಲಿಸಿದ್ದಳು. ಯಾರೂ ಹಾಗೆ ಹೇಳಿರಲಿಲ್ಲ. ಅಳತೆಯ ಕ್ಲಿಪ್ಪುಗಳು ಪೆಟ್ಟಿಗೆಯ ಮೇಲಿಂದ ಇಳಿಬಿದ್ದಿರುತ್ತಿದ್ದವು. ತಂತಿ ಮೇಲಿದ್ದರೆ ನಿಂತಲ್ಲೇ ಸಿಕ್ಕಿಸಬಹುದು, ಕೆಳಗಿದ್ದರೆ ನಡು ಬಗ್ಗಿಸಬೇಕು. ಬಾಟಲಿ ತೊಳೆದು ತೊಳೆದು ಅವಳ ನಡು ಎಂದೋ ಹೋಗಿತ್ತು. ಹೊಸಬರು ಬಂದಾಗ ತಪ್ಪಬಾರದೆಂದು ಗೋಡೆಗೆ ಚೀಟಿಯನ್ನೂ ಅಂಟಿಸಿದ್ದಳು: ‘ತಂತಿ ಮೇಲೆ’. ಅದೇ ಆ ಕೋಣೆಯ ಶಾಸ್ತ್ರವಾಯಿತು.

ಎಂಟು ತಿಂಗಳಿಗೂ ಹಿಂದೆ ಒಂದು ಗಾಜಿನ ತಂತಿ ತುಂಡಾಗಿ ಮೋಟಾಯಿತು. ಹೇಗೂ ಅಳೆಯಲಾಗದ ಗಾಜು ಎಂದು ಅದನ್ನು ಅಕ್ಕ ಹೇಗೆ ಬಂತೋ ಹಾಗೆ ಮೂಲೆಗೆ ನಿಲ್ಲಿಸಿ ಮರೆತಳು. ಹತ್ತೊಂಬತ್ತನೆಯ ದಿನ ನೋಡುತ್ತಾಳೆ, ಕೆಳಗಾಗಿದ್ದ ತಂತಿಯ ಮೂಲೆಯಿಂದ ಬೆರಳಗಲ ಹಳದಿ ಹತ್ತಿತ್ತು. ಗಾಜಿನ ಮೇಲೆ ಕಟ್ಟಿದ ಹನಿಯೆಲ್ಲ ಇಳಿದು ಸ್ಟ್ಯಾಂಡಿನ ಕೆಳಗಿನ ತೋಡಿನಲ್ಲಿ ನಿಲ್ಲುತ್ತದೆ. ತಂತಿ ಹೊರಬರುವ ಕಿಂಡಿ ಆ ನೀರಿನಲ್ಲೇ ಕೂತಿತ್ತು. ಬೇರೆಲ್ಲ ಗಾಜಿನ ಕಿಂಡಿ ಮೇಲೆ, ನೀರಿನ ಗೊಡವೆಯೇ ಇಲ್ಲ. ಯಾರಿಗೂ ಹೇಳದೆ ಇನ್ನೂ ಮೂರು ಗಾಜು ತಲೆಕೆಳಗೆ ನಿಲ್ಲಿಸಿದಳು. ಮೂರೂ ಇಪ್ಪತ್ತು ದಿನ ದಾಟಲಿಲ್ಲ.

ಅಂಟನ್ನು ಆರು ವರ್ಷ ಪರೀಕ್ಷೆ ಮಾಡಿದ್ದಾಳೆ. ಅದರ ಬಡಮೂಲೆ ಒಂದನ್ನು ಬಿಟ್ಟು.

ಆಸ್ಪತ್ರೆಯ ಛಾವಣಿಯಲ್ಲಿ ಮುನ್ನೂರ ಇಪ್ಪತ್ತಕ್ಕೂ ತಂತಿ ಕೆಳಮೂಲೆಯಲ್ಲಿತ್ತು.

ಅವತ್ತೇ ಹೋಗಿ ತಂಗಿಗೆ ಹೇಳಿದಳು. ತಂಗಿ ಬಹಳ ಹೊತ್ತು ಆ ಮೂರು ಗಾಜನ್ನು ನೋಡಿದಳು. “ಆಸ್ಪತ್ರೆಯವರಿಗೆ ಒಂದು ಕಾಗದ ಬರಿ ಅಕ್ಕ, ಉಳಿದದ್ದು ನಾನು ನೋಡ್ಕೋತೀನಿ,” ಅಂದಳು. ಅಕ್ಕ ಬರೆದಳು. ಬರೆದದ್ದು ತಂಗಿಯ ಮೇಜಿನ ಹಸಿರು ಫೈಲಿಗೆ ಹೋಯಿತು. ಆಮೇಲೆ ಅದು ಅಲ್ಲಿಂದ ಏಳಲಿಲ್ಲ.

ತಂಗಿ ಕೆಟ್ಟವಳಲ್ಲ. “ಬರೀ ಕಾಯಿಲೆ ಹೇಳಿ ಕಳಿಸಿದ್ರೆ ಏನುಪಯೋಗ? ಮದ್ದನ್ನೂ ಜೊತೆಗೇ ಕಳಿಸೋಣ,” ಅಂದಳು. ಹೊಸ ಅಂಟು ಮಾಡಿದಳು. ಹದಿನೇಳನೆಯ ದಿನ ಸೋತಿತು. ಅಂಟಿನ ಒಳಗೆ ಇನ್ನೊಂದು ಪದರ ಕೊಟ್ಟಳು, ಇಪ್ಪತ್ತಾರು. ಕಿಂಡಿಗೆ ಗಾಜಿನ ಪುಡಿ ಕರಗಿಸಿ ಹಾಕಿದಳು. ಆ ಕಾವಿಗೆ ಹರಳೇ ಬೆಂದುಹೋಯಿತು. ನಾಲ್ಕನೆಯದೂ ನಿಲ್ಲಲಿಲ್ಲ. ಪ್ರತಿ ಸೋಲಿಗೊಂದು ಸಲ ಕಾಗದ ತಿದ್ದುವಳು. ‘ಹಳದಿಯಾಗಿ ಸೀಸ ಸೋರುತ್ತದೆ’ ಎಂದು ಅಕ್ಕ ಬರೆದದ್ದು ನಾಲ್ಕನೆಯ ತಿದ್ದುಪಡಿಯ ಹೊತ್ತಿಗೆ ‘ಕೆಲವು ಸನ್ನಿವೇಶಗಳಲ್ಲಿ ಅಂಚಿನ ಬಣ್ಣದಲ್ಲಿ ವ್ಯತ್ಯಾಸ ಕಂಡುಬರಬಹುದು’ ಎಂದಾಗಿತ್ತು.

“ಇದನ್ನ ಓದಿದ್ರೆ ಹೊಸ ಅಂಗಿ ಬಣ್ಣ ಬಿಡುತ್ತೆ ಅಂದ್ಕೋತಾರೆ ಕಣೇ,” ಅಂದಳು ಅಕ್ಕ.

“ಹೆದರಿಸೋ ಹಾಗೆ ಬರೆದ್ರೆ ಎಲ್ಲಾ ಕಿತ್ತು ಗುಡ್ಡೆ ಹಾಕ್ತಾರೆ. ಇಪ್ಪತ್ತು ವರ್ಷದ ಕೆಲಸ ಅಕ್ಕ. ಇನ್ನು ಯಾರೂ ಇದನ್ನ ಮುಟ್ಟಲ್ಲ, ನಂದೂ ಅಂತಲ್ಲ, ಯಾರದ್ದೂ ಮುಟ್ಟಲ್ಲ.”

“ಅಲ್ಲೇನಾದ್ರೂ ಹಳದಿ ಆಗಿದ್ರೆ?”

“ಕಾಮಾಲೆ ಕಣ್ಣಿಗೆ ಕಾಣೋದೆಲ್ಲ ಹಳದಿ. ಮೊದ್ಲು ಮಳೆ ಬರ್ಲಿ ಬಿಡು. ಒಣ ಛಾವಣಿ ಏನು ಮಾಡುತ್ತೆ?”

ಆ ಒಂದು ಮಾತನ್ನು ಅಕ್ಕ ಹಿಡಿದುಕೊಂಡಿದ್ದಳು. ಮಳೆ ಬಂದಿಲ್ಲವಲ್ಲ. ಮಳೆ ಬಂದರೆ ತಾನೆ ನೀರು, ನೀರು ಇದ್ದರೆ ತಾನೆ ಹಳದಿ. ದಿನಾ ಬೆಳಗ್ಗೆ ಬಾಗಿಲು ತೆಗೆದು ಮೊದಲು ಆಕಾಶ ನೋಡುವಳು. ಬೋಳು ಆಕಾಶ ಕಂಡರೆ ಸಮಾಧಾನ. ಹಾಗೆಯೇ ಏಳು ತಿಂಗಳು ಕಳೆಯಿತು.

ಹತ್ತನೆಯ ಗಾಜನ್ನು ಸ್ಟ್ಯಾಂಡಿಗೆ ಸೇರಿಸಿದ ಆ ಬೆಳಗ್ಗೆ ಕಿಟಕಿಯ ಹೊರಗೆ ಬೆಳಕು ಮಂಕಾಗಿತ್ತು. ಪಡುವಣದಲ್ಲಿ ಕರಿಯ ಮೋಡ ದಂಡು ಕಟ್ಟಿತ್ತು. ಅಕ್ಕ ಬಟ್ಟೆ ಒಗೆದು ಹರವಿ, ಅರ್ಧ ದಿನದ ರಜೆ ಬರೆದಿಟ್ಟು, ಬಸ್ಸು ಹಿಡಿದು ಆಸ್ಪತ್ರೆಗೆ ಹೋದಳು.

ಛಾವಣಿಯ ಬೀಗದ ಕೈ ಇದ್ದದ್ದು ನೀರಿನ ಪಂಪು ನೋಡಿಕೊಳ್ಳುವವನ ಬಳಿ. ಅರವತ್ತರ ಹತ್ತಿರದ ಆಳು, ಸೊಂಟದಲ್ಲಿ ಬೀಗದ ಕೈಗಳ ಗೊಂಚಲು, ಬಾಯಿಗೆ ಬೀಗವಿಲ್ಲ. ತಾನು ಫಲಕ ತಯಾರಿಸುವ ಕಡೆಯವಳು, ನೋಡಲು ಬಂದೆ ಎಂದಳು ಅಕ್ಕ.

“ಅಬ್ಬ, ಕೊನೆಗೂ ಒಬ್ರು ಬಂದ್ರಲ್ಲಮ್ಮ! ಹಾಕಿ ಹೋದೋರು ಹೆಣ್ಣು ಕೊಟ್ಟ ಮನೆ ಮರೆತ ಹಾಗೆ ಮರೆತೇಬಿಟ್ರು,” ಎನ್ನುತ್ತಾ ಅವನು ಮೆಟ್ಟಿಲು ಹತ್ತಿದ. ಮೂರು ಮಹಡಿ. ಒಂದೊಂದು ಮಹಡಿಯಲ್ಲೂ ಬಾಣಂತಿಯರ ವಾರ್ಡು. ಎಳೆಕೂಸುಗಳ ಅಳು ಮೆಟ್ಟಿಲಿಗೇ ಕೇಳಿಸುತ್ತಿತ್ತು. ಎರಡನೆಯ ಮಹಡಿಯ ತಿರುವಿನಲ್ಲಿ ಕುಡಿಯುವ ನೀರಿನ ನಲ್ಲಿ. ನೈಟಿ ತೊಟ್ಟ ಹುಡುಗಿಯೊಬ್ಬಳು ಒಂದು ಕೈಯಲ್ಲಿ ಹೊಲಿಗೆ ಹಾಕಿದ ಹೊಟ್ಟೆ ಹಿಡಿದು, ಇನ್ನೊಂದರಲ್ಲಿ ಜಗ್ಗು ತುಂಬಿಸಿಕೊಳ್ಳುತ್ತಿದ್ದಳು.

ಛಾವಣಿಯ ಮೇಲೆ ಫಲಕಗಳು ಆಕಾಶವನ್ನು ಬಾಚಿ ಕುಡಿಯುವ ಹಾಗೆ ಹಾಸಿಕೊಂಡಿದ್ದವು. ಮೊದಲ ನೋಟಕ್ಕೆ ಎಲ್ಲ ಕಪ್ಪು, ಎಲ್ಲ ನಿರ್ಮಲ. ಅಕ್ಕನ ಎದೆ ಸ್ವಲ್ಪ ಹಗುರಾಯಿತು.

“ಹಾಗಲ್ಲಮ್ಮ, ಬಗ್ಗಿ ನೋಡಿ,” ಅಂದ ಪಂಪಿನವನು. “ಗಾಜಿಗೆ ಕಾಮಾಲೆ ಹಿಡಿದಿದೆ. ಹೋದ ತಿಂಗಳು ನಾಲ್ಕಕ್ಕೆ ಇತ್ತು, ಈಗ ಎಣಿಸೋದೇ ಬಿಟ್ಟೆ.”

ಅಕ್ಕ ನಡು ಹಿಡಿದುಕೊಂಡು ಬಗ್ಗಿದಳು. ಕೆಳಮೂಲೆ. ತಂತಿಯ ಕಿಂಡಿಯ ಸುತ್ತ, ಉಗುರಿನ ಸಂದಿಯಲ್ಲಿ ಕೀವು ಕಟ್ಟಿದ ಹಾಗೆ, ಹಳದಿ. ಪಕ್ಕದ ಫಲಕಕ್ಕೂ ಅದೇ. ಅದರ ಪಕ್ಕದ್ದಕ್ಕೆ ಅಂಗೈಯಗಲ. ಸಾಲಿನ ಉದ್ದಕ್ಕೂ ಬಗ್ಗಿಕೊಂಡೇ ನಡೆದಳು. ಇಪ್ಪತ್ತು, ಮೂವತ್ತು, ನಲವತ್ತೊಂದು. ಸಾಲು ಮುಗಿಯುವ ಮೊದಲೇ ಅವಳೂ ಎಣಿಸುವುದನ್ನು ಬಿಟ್ಟಳು.

“ಮಳೆನೇ ಬಂದಿಲ್ವಲ್ಲ,” ಅಂದಳು. “ಒಂದು ಹನಿನೂ ಬಿದ್ದಿಲ್ಲ. ಹೇಗೆ?”

“ಮಳೆ ಯಾಕಮ್ಮ ಬೇಕು, ನಾನಿಲ್ವಾ?” ಪಂಪಿನವನು ಎದೆ ತಟ್ಟಿಕೊಂಡ. “ಧೂಳು ಕೂತ್ರೆ ಕರೆಂಟು ಕಮ್ಮಿಯಾಗುತ್ತೆ, ವಾರಕ್ಕೊಂದ್ಸಲ ತೊಳೀಬೇಕು ಅಂತ ನಿಮ್ಮೋರೇ ಹೇಳಿ ಹೋದ್ರಲ್ಲ. ಪ್ರತಿ ಸೋಮವಾರ ಪೈಪು ಹಿಡಿದು ಮಿರಮಿರ ಅನ್ನೋ ಹಾಗೆ ತೊಳೀತೀನಿ. ಒಂದು ವಾರನೂ ತಪ್ಪಿಸಿಲ್ಲ. ನನ್ನ ಹೆಂಡ್ತಿ ಬೈತಾಳೆ, ಮನೇಲಿ ಒಂದು ಲೋಟ ತೊಳೆಯಲ್ಲ, ಅಲ್ಲಿ ಮುನ್ನೂರು ಗಾಜು ತೊಳೀತೀಯ ಅಂತ.”

ಚೌಕಟ್ಟಿನ ಕೆಳತುಟಿಯಲ್ಲಿ ಬೆರಳಾಡಿಸಿದಳು ಅಕ್ಕ. ಮೂರು ದಿನದ ಹಿಂದಿನ ತೊಳೆತದ ತೇವ ಇನ್ನೂ ಇತ್ತು. ಬೆರಳ ತುದಿಗೆ ನಸುಹಳದಿ ಹುಡಿ ಹತ್ತಿತು.

“ತೊಳೆದ ನೀರು ಎಲ್ಲಿಗೆ ಹೋಗುತ್ತೆ?”

“ಪೋಲು ಮಾಡ್ತೀನಿ ಅಂದ್ಕೊಂಡ್ರಾ? ಬೇಸಿಗೇಲಿ ನೀರಿಗೆ ಎಷ್ಟು ತತ್ವಾರ ಗೊತ್ತಾ? ಆ ಮೋರಿ ನೋಡಿ. ಮಳೆನೀರು ಹಿಡಿಯೋ ಪೈಪು ಅಲ್ಲೇ ಇದೆ. ತೊಳೆಯೋವಾಗ ಬಾಯಿ ತೆಗೀತೀನಿ, ಹನಿಹನಿನೂ ನೆಲದ ತೊಟ್ಟಿಗೆ. ಮಣ್ಣು ಸೋಸೋಕೆ ಮರಳು ಇದೆ. ಬಿಟ್ಟದ್ದನ್ನೇ ಮತ್ತೆ ಮೇಲಕ್ಕೆ ಪಂಪು ಮಾಡ್ತೀನಿ. ನಾನೂ ಅದನ್ನೇ ಕುಡಿಯೋದು. ಒಂದು ನೆಗಡಿ ಇಲ್ಲ, ನೋಡಿ!”

ಅಕ್ಕನ ಕಣ್ಣ ಮುಂದೆ ಆ ಜಗ್ಗು ಬಂತು. ಮರಳು ಮಣ್ಣನ್ನು ಸೋಸುತ್ತದೆ, ಸೀಸವನ್ನು ಸೋಸುವುದಿಲ್ಲ. ತಾಯಿ ಕುಡಿದದ್ದು ಹಾಲಿಗೂ ಇಳಿಯುತ್ತದೆ. ತಾನು ಏಳು ತಿಂಗಳು ಆಕಾಶ ನೋಡುತ್ತಾ ಕೂತಿದ್ದೆ, ಮಳೆ ಪ್ರತಿ ಸೋಮವಾರವೂ ಬೀಳುತ್ತಲೇ ಇತ್ತು.

“ಆ ಪೈಪಿನ ಬಾಯಿ ಈಗ್ಲೇ ಮುಚ್ಚಿ ಅಣ್ಣ. ತೊಟ್ಟಿ ನೀರು ಯಾರಿಗೂ ಬಿಡಬೇಡಿ.”

ಪಂಪಿನವನ ನಗು ಅರ್ಧಕ್ಕೇ ನಿಂತಿತು. “ಯಾಕೆ?”

“ಈ ಹಳದಿ ವಿಷ. ನೀರಲ್ಲಿ ಸೇರಿದೆ.”

ಅವನು ಅವಳನ್ನು ಮೇಲಿಂದ ಕೆಳಗೆ ನೋಡಿದ. ಸವೆದ ಚಪ್ಪಲಿ, ಬಗ್ಗಿದ ನಡು, ಸ್ಪಿರಿಟ್ಟಿನ ವಾಸನೆ. “ಅಮ್ಮ, ಬೇಜಾರು ಮಾಡ್ಕೋಬೇಡಿ. ಪೈಪೊಂದನ್ನ ಈಗ್ಲೇ ಮುಚ್ತೀನಿ, ಅದು ನನ್ನ ಕೈಲಿದೆ. ತೊಟ್ಟಿ ನಿಲ್ಸಿದ್ರೆ ಆಪರೇಷನ್ ಕೋಣೆಯಿಂದ ಹಿಡಿದು ಕಕ್ಕಸಿನ ತನಕ ಒಣಗುತ್ತೆ. ಅದಕ್ಕೆ ದೊಡ್ಡ ಡಾಕ್ಟರ ಅಪ್ಪಣೆ ಆಗ್ಬೇಕು, ಅವರಿಗೆ ಕಾಗದ ಬೇಕು. ಕಾಗದ ಇಲ್ದೆ ನಾನಿಲ್ಲಿ ಒಂದು ಬಲ್ಬೂ ಬದಲಾಯಿಸಲ್ಲ.” ಆಮೇಲೆ ದನಿ ತಗ್ಗಿಸಿ ಕೇಳಿದ: “ನಿಜ ಹೇಳಿ. ನನ್ನ ಮೊಮ್ಮಗು ಹುಟ್ಟಿದ್ದು ಇಲ್ಲೇ. ಹನ್ನೆರಡು ದಿನ ಇಲ್ಲೇ ಇದ್ರು. ಏನಾದ್ರೂ…?”

“ನೆತ್ತರು ಪರೀಕ್ಷೆ ಮಾಡಿಸಿ. ತಾಯಿಗೂ ಮಗುಗೂ. ನಿಮಗೂ,” ಅಂದಳು ಅಕ್ಕ. “ಕಾಗದ ಇವತ್ತೇ ಬರುತ್ತೆ.”

ಅವಳು ಮರಳಿ ಬಂದಾಗ ತಂಗಿ ಬಿಸಿ ಪೆಟ್ಟಿಗೆಯ ಮುಂದೆ ಮಣೆ ಹಾಕಿಕೊಂಡು ಕೂತಿದ್ದಳು. ಪೆಟ್ಟಿಗೆಯ ಕಿರುಕಿಟಕಿಯ ಬೆಳಕು ಮುಖಕ್ಕೆ ಬಿದ್ದಿತ್ತು. ಐದನೆಯ ಅಂಟು, ತಂತಿ ಕೆಳಗೆ.

“ಮೂವತ್ತೆಂಟನೇ ದಿನ ಅಕ್ಕ!” ಅಂದಳು. ಏಳು ವರ್ಷದವಳ ಮುಖವೇ. “ಒಂದು ಚುಕ್ಕೆ ಇಲ್ಲ. ಇನ್ನು ನಾಲ್ಕೇ ದಿನ. ಆಮೇಲೆ ಕಾಗದ ಕಳಿಸೋಣ, ಹೊಸ ಅಂಟಿನ ಜೊತೆ. ನಾವೇ ಹೋಗಿ ಎಲ್ಲಾ ಬದಲಾಯಿಸಿ ಕೊಡೋಣ.”

ಅಕ್ಕ ಹಳದಿ ಹತ್ತಿದ ಬೆರಳನ್ನು ಅವಳ ಮುಂದೆ ಹಿಡಿದಳು. ಕಂಡದ್ದನ್ನೆಲ್ಲ ಹೇಳಿದಳು: ಕೆಳಮೂಲೆಗಳು, ಸೋಮವಾರದ ತೊಳೆತ, ತೊಟ್ಟಿ, ಜಗ್ಗು. ತಂಗಿಯ ಮುಖದಿಂದ ನೆತ್ತರು ಇಳಿಯಿತು. ಆದರೂ ಮೊದಲು ಹೊರಟ ಮಾತು ಇದು: “ಮೊದ್ಲು ನೀರಿನ ಪರೀಕ್ಷೆ ಮಾಡಿಸೋಣ. ಎಷ್ಟಿದೆಯೋ ಏನೋ. ಇಲ್ಲದೇನೂ ಇರಬಹುದು. ಒಂದು ವಾರದಲ್ಲಿ…”

“ಮಾಡಿಸು. ಕಾಗದ ಇವತ್ತು ಹೋಗುತ್ತೆ.”

“ನಾಲ್ಕು ದಿನ ಕೇಳ್ತಿದ್ದೀನಿ ಅಕ್ಕ. ಹುಟ್ಟಿದಾಗಿನಿಂದ ನಿನ್ನ ಹತ್ರ ಏನು ಕೇಳಿದ್ದೀನಿ?”

“ಕೇಳ್ದೆ ಇದ್ದದ್ದನ್ನೂ ಕೊಟ್ಟಿದ್ದೀನಿ. ಇದು ನನ್ನ ಗಂಟು ಅಲ್ಲ, ಕೊಡೋಕೆ. ಆ ಜಗ್ಗು ಹಿಡಿದ ಹುಡುಗೀದು.”

“ನಿಂಗೇನು ಹೋಗುತ್ತೆ? ಹೋಗೋದು ನನ್ನ ಹೆಸರು!”

ಅಕ್ಕ ಅವಳ ಪಕ್ಕ ನೆಲದ ಮೇಲೇ ಕೂತಳು.

“ನಾನೊಂದು ಮಾತು ಹೇಳ್ತೀನಿ, ಕೇಳು,” ಅಂದಳು. “ನೀನು ತಡ ಮಾಡ್ತಿದ್ದೀ ಅಂತ ಏಳು ತಿಂಗಳು ನಿನ್ನ ಬೈದುಕೊಂಡೆ. ನಿಜ ಏನು ಗೊತ್ತಾ? ನಂಗೂ ಅದೇ ಬೇಕಾಗಿತ್ತು. ಕಾಗದ ಹೋದ್ರೆ ಯಾರು ನಿಲ್ಲಿಸಿದ್ದು, ಯಾಕೆ ಹಾಗೆ ನಿಲ್ಲಿಸಿದ್ದು ಅಂತ ಕೇಳ್ತಾರೆ. ನನ್ನ ಸೊಂಟನೋವಿಗೆ ಅಂತ ಹೇಳ್ಬೇಕು. ಆ ನಾಚಿಕೇನ ನಿನ್ನ ಫೈಲಲ್ಲಿ ಮುಚ್ಚಿಟ್ಟು ಕೂತಿದ್ದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ.”

ತಂಗಿ ಕಿರುಕಿಟಕಿಯಿಂದ ಕಣ್ಣು ಕೀಳಲಿಲ್ಲ.

ಅಕ್ಕ ಎದ್ದು ಹೋಗಿ ಪರೀಕ್ಷೆ ಕೋಣೆಯ ಮೇಜಿನ ಮೇಲೆ ಬಿಳಿ ಹಾಳೆ ಹರವಿದಳು. ಹಸಿರು ಫೈಲನ್ನು ತೆರೆಯಲಿಲ್ಲ. ಬೇಗ ಬರೆಯಬಲ್ಲ ಕೈಯಲ್ಲ ಅದು. ಒಂದೊಂದು ಅಕ್ಷರವನ್ನೂ ಗಾಜು ನಿಲ್ಲಿಸಿದ ಹಾಗೆ ನಿಲ್ಲಿಸಿ ಬರೆದಳು.

‘ನಿಮ್ಮ ಛಾವಣಿಯ ಫಲಕಗಳ ಕೆಳಮೂಲೆಗಳಿಂದ ಸೀಸ ಸೋರುತ್ತಿದೆ. ತೊಳೆದ ನೀರಿನೊಡನೆ ಅದು ನಿಮ್ಮ ತೊಟ್ಟಿಗೆ ಸೇರಿದೆ. ಈ ಕ್ಷಣದಿಂದ ಆ ನೀರನ್ನು ಯಾರೂ ಕುಡಿಯಬಾರದು. ಅಲ್ಲಿ ಹೆತ್ತವರನ್ನೂ ಹುಟ್ಟಿದ ಮಕ್ಕಳನ್ನೂ ಕರೆಸಿ ನೆತ್ತರು ಪರೀಕ್ಷೆ ಮಾಡಿಸಿ. ಪರೀಕ್ಷೆಯಲ್ಲಿ ಗಾಜುಗಳನ್ನು ತಂತಿ ಮೇಲೆ ಮಾಡಿ ನಿಲ್ಲಿಸಿದವಳು ನಾನು. ಅದು ನನ್ನ ಕೈಯ ಅನುಕೂಲಕ್ಕೆ ಮಾಡಿದ್ದು. ಹಾಗಾಗಿ ಆ ಮೂಲೆಯ ಪರೀಕ್ಷೆ ಎಂದೂ ಆಗಿಲ್ಲ. ಇದು ನನಗೆ ಏಳು ತಿಂಗಳಿಂದ ಗೊತ್ತಿದೆ.’

ಕೊನೆಯ ಸಾಲು ಬರೆಯುವಾಗ ಲೇಖನಿ ಎರಡು ಸಲ ನಿಂತಿತು. ಸಹಿ ಹಾಕಿ, ಮಡಿಸಿ, ಕೆಳಗಿಳಿದಳು.

ಟಪಾಲಿನ ಕಿಂಡಿಯ ಹಿಂದೆ ಕೂತ ಗುಮಾಸ್ತೆ ಗಡಿಯಾರ ನೋಡಿದಳು. “ಅಕ್ಕ, ಬೈಕಿನೋನು ಹೊರಟು ನಿಂತಿದ್ದಾನೆ. ಮೇಡಂ ಸಹಿ ಎಲ್ಲಿ? ಸಹಿ ಇಲ್ದೆ ಮೊಹರು ಹಾಕಿದ್ರೆ ನನ್ನ ಚರ್ಮ ಸುಲೀತಾರೆ.”

“ಮೊಹರು ಬೇಡ ತಾಯಿ. ಬರೀ ಲಕೋಟೆ ಕೊಡು. ನಾನೇ ತಗೊಂಡು ಹೋಗ್ತೀನಿ.”

“ಕೊಡು ಇಲ್ಲಿ,” ಎಂದು ಹಿಂದಿನಿಂದ ದನಿ ಬಂತು.

ತಂಗಿ ಮೆಟ್ಟಿಲಿಳಿದು ಬಂದಿದ್ದಳು. ಕಾಗದ ಬಿಡಿಸಿ ನಿಂತಲ್ಲೇ ಓದಿದಳು. ಹೊರಗೆ ಹೊತ್ತಿಗೆ ಮುಂಚೆ ಕತ್ತಲು ಕವಿಯುತ್ತಿತ್ತು. ಗುಮಾಸ್ತೆ ಕೈ ಚಾಚಿ ದೀಪ ಹಾಕಿದಳು. ತಂಗಿ ಎರಡನೆಯ ಸಲ ಓದಿದಳು. ಅಕ್ಕನ ಸಹಿಯ ಕೆಳಗೆ ಬೆರಳಿಟ್ಟಳು.

“ನಿಂದೊಂದೇ ಹೆಸರು ಹಾಕಿದ್ದೀಯ.”

“ಕೈ ನಂದು.”

“ಅಂಟು ನಂದು,” ಅಂದಳು ತಂಗಿ. ಗುಮಾಸ್ತೆಯ ಲೇಖನಿ ಕಿತ್ತುಕೊಂಡು ಕೆಳಗೆ ಒಂದು ಸಾಲು ಬರೆದಳು: ‘ನನಗೂ ಏಳು ತಿಂಗಳಿಂದ ಗೊತ್ತಿದೆ.’ ಅದರ ಕೆಳಗೆ ಸಹಿ. ಅಕ್ಷರ ಗುಂಡಗಿತ್ತು. ಆ ಅಕ್ಷರ ತಿದ್ದಿಸಿದವಳು ಅಕ್ಕನೇ.

ಗುಮಾಸ್ತೆ ಒಂದು ಲಕೋಟೆ ತೆಗೆದಳು. “ಒಂದೇ ತಾನೆ ಮೇಡಂ?”

ಅಕ್ಕ ತಿರುಗಿ ತಂಗಿಯ ಮುಖ ನೋಡಿದಳು. ಚಿಕ್ಕಂದಿನಲ್ಲಿ ಏನಾದರೂ ಒಡೆದಿಟ್ಟು ಬಾಗಿಲ ಸಂದಿಯಲ್ಲಿ ನಿಲ್ಲುತ್ತಿದ್ದಾಗಿನ ಅದೇ ಮುಖ.

“ಏನೇ?”

“ಎಂಟು,” ಅಂದಳು ತಂಗಿ. “ಎಂಟು ಲಕೋಟೆ ಕೊಡಿ.”

“ಎಂಟ್ಯಾಕೆ?”

“ಬೇರೆ ಊರುಗಳಲ್ಲಿ ಇನ್ನೂ ಏಳು ಛಾವಣಿ ಇವೆ ಅಕ್ಕ. ನೀನು ಹನ್ನೊಂದು ಸಲ ಪಾಸು ಮಾಡಿದ ಮೇಲೆ ಎಲ್ರೂ ಕೇಳಿದ್ರು. ನಿಂಗೆ ಹೇಳಿರಲಿಲ್ಲ.” ಲೇಖನಿಯನ್ನು ಗುಮಾಸ್ತೆಗೆ ಮರಳಿಸಿದಳು. “ಅದರಲ್ಲಿ ಎರಡು ಶಾಲೆ.”

ಅಕ್ಕ ಕಿಂಡಿಯ ಕಟ್ಟೆಯನ್ನು ಎರಡು ಕೈಯಲ್ಲೂ ಹಿಡಿದುಕೊಂಡಳು. ಹೊರಗೆ ತಗಡಿನ ಮಾಡಿನ ಮೇಲೆ ಟಪ್ ಎಂದು ಏನೋ ಬಿತ್ತು. ಸ್ವಲ್ಪ ತಡೆದು ಇನ್ನೊಂದು. ಯಾರೂ ಮೇಲೆ ನೋಡಲಿಲ್ಲ.

“ಮೊದ್ಲು ಆಸ್ಪತ್ರೇದು ಹೋಗ್ಲಿ,” ಅಂದಳು ಅಕ್ಕ. “ದೊಡ್ಡ ಡಾಕ್ಟರ ಕೈಗೇ ಕೊಡಬೇಕು ಅನ್ನು ಬೈಕಿನೋನಿಗೆ. ಪಂಪಿನವರಿಗೂ ಒಂದು ಮಾತು ಹೇಳೋಕೆ ಹೇಳು.”

ಗುಮಾಸ್ತೆ ಲಕೋಟೆಗೆ ಅಂಟು ಹಚ್ಚಿ, ಒತ್ತಿ, ಮೊಹರು ಗುದ್ದಿ ಕಿಂಡಿಯಾಚೆ ಕೊಟ್ಟಳು. ಬೈಕಿನವನು ಅದನ್ನು ನೆನೆಯದ ಹಾಗೆ ಅಂಗಿಯೊಳಗೆ ಎದೆಗಿಟ್ಟುಕೊಂಡು ಗೇಟು ದಾಟಿದ. ಎರಡನೆಯ ಕಾಗದಕ್ಕೆ ಅಕ್ಕ ಹಾಳೆ ಎಳೆದುಕೊಳ್ಳುವಷ್ಟರಲ್ಲಿ ಬೈಕಿನ ಸದ್ದು ರಸ್ತೆಯ ತಿರುವಿನಲ್ಲಿ ಕರಗಿತ್ತು.